ಮೊದಲು ಬಬಿರ್ಯೆ, ಆಮೇಲೆ ಕಾಟೊ

ತಂಗಿ ನಲೊಂಗೊ,

ನಿನಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ ಅಂತ ನನಗೆ ಗೊತ್ತುಂಟು. ನಿನಗೆ ಬರುತ್ತಿದ್ದ ಕನ್ನಡ ಒಟ್ಟು ಮೂರೇ ಮಾತು: ಅಣ್ಣ, ಊಟ ಆಯ್ತಾ, ಸಾಕು ಮಾರಾಯ. ಎರಡು ವರ್ಷ ಒಂದೇ ಶಾಲಾ ವ್ಯಾನಿನಲ್ಲಿ ಕೆಲಸ ಮಾಡಿದೆವು, ಮಾತಾಡಿದ್ದೆಲ್ಲ ಮುರುಕು ಹಿಂದಿ, ಮುರುಕು ಇಂಗ್ಲಿಷು, ನಡುನಡುವೆ ಇಲ್ಲಿಯ ಅರಬ್ಬಿ, ಹೊರಡಲಿಕ್ಕೆ ಯಲ್ಲಾ, ಮುಗಿದರೆ ಖಲಾಸ್. ಈಗ ನೀನಿರುವಲ್ಲಿ ಭಾಷೆಯ ತಾಪತ್ರಯ ಇರಲಿಕ್ಕಿಲ್ಲ ಅಂದುಕೊಂಡು ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ. ನಿನ್ನ ಹತ್ತಿರ ಒಂದು ತಪ್ಪು ಒಪ್ಪಿಕೊಳ್ಳಲಿಕ್ಕುಂಟು. ಮುರುಕು ಭಾಷೆಯಲ್ಲಿ ಒಪ್ಪಿಕೊಂಡರೆ ತಪ್ಪೂ ಅರ್ಧಕ್ಕರ್ಧ ಕಡಿಮೆಯಾದ ಹಾಗೆ ಕಾಣುತ್ತದೆ. ಅದು ಬೇಡ.

ನೀನು ಮೊದಲ ದಿನ ವ್ಯಾನ್ ಹತ್ತಿದ್ದು ನೆನಪುಂಟಾ? ಹಮದ್ ಟೌನಿನ ಹದಿನೇಳನೇ ರೌಂಡಬೌಟಿನ ಹತ್ತಿರ, ಬೆಳಿಗ್ಗೆ ಐದೂವರೆಗೆ. ಶಾಲೆಯವರು ಕೊಟ್ಟ ಪಟ್ಟಿಯಲ್ಲಿ ಆಯಾ ಅಂತ ಬರೆದು ಮುಂದೆ ಎಂತದೋ ಉದ್ದದ ಹೆಸರು. ಅದನ್ನೇ ಓದಿ ಕರೆದೆ. ನೀನು ತಲೆ ಅಲ್ಲಾಡಿಸಿದೆ. "ನಲೊಂಗೊ ಅನ್ನಿ" ಅಂದೆ. ಅದು ಹೆಸರಲ್ಲ, ನಿಮ್ಮ ಯುಗಾಂಡದಲ್ಲಿ ಅವಳಿ ಮಕ್ಕಳನ್ನು ಹೆತ್ತವಳಿಗೆ ಕೊಡುವ ಮರ್ಯಾದೆ ಅಂತ ಆಮೇಲೆ ತಿಳಿಯಿತು. "ಆ ಹೆಸರು ಅಪ್ಪ ಇಟ್ಟದ್ದು. ಇದು ನಾನು ಹೆತ್ತು ಸಂಪಾದಿಸಿದ್ದು" ಅಂತ ಎದೆ ತಟ್ಟಿಕೊಂಡು ಹೇಳಿದೆಯಲ್ಲ! ಆಹಾ, ಇವಳ ಜೊತೆ ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ನಾನೂ ಸುಮ್ಮನಿರುವ ಜನ ಅಲ್ಲ, "ಹಾಗಾದರೆ ನನ್ನನ್ನು ಅಣ್ಣ ಅನ್ನು, ಭಾಯ್ ಗೀಯ್ ಬೇಡ" ಅಂದೆ. ಅವತ್ತಿನಿಂದ ಮಕ್ಕಳೂ ನನ್ನನ್ನು ಅಣ್ಣ ಅಂಕಲ್ ಅನ್ನಲಿಕ್ಕೆ ಶುರು ಮಾಡಿದವು.

ಒಂದು ದಿನ ಮಕ್ಕಳನ್ನು ಶಾಲೆಗೆ ಇಳಿಸಿ ನೆರಳಿನಲ್ಲಿ ಕೂತಿದ್ದೆವು. ನಿನ್ನ ಅವಳಿಗಳ ಸುದ್ದಿ ಬಂತು, ನಾನು "ಕಾಟೊ ಹೇಗಿದ್ದಾನೆ?" ಅಂತ ಕೇಳಿದೆ. ನೀನು ಮೊದಲು ಬಬಿರ್ಯೆಯ ಹಲ್ಲು ಬಿದ್ದ ಕಥೆ ಹೇಳಿದೆ, ಆಮೇಲೆ ಕಾಟೊನ ವಿಷಯ ತೆಗೆದೆ. ಮರುವಾರ ಮತ್ತೆ "ಕಾಟೊ, ಬಬಿರ್ಯೆ ಆರಾಮಾ?" ಅಂದೆ. ನಿನಗೆ ಸಿಟ್ಟೇ ಬಂತು. ಅವಳು ಮೊದಲು ಹೊರಗೆ ಬಂದವಳು, ಅವನು ಹಿಂದಿನಿಂದ ಬಂದವನು, ಆ ಹೆಸರುಗಳೇ ಅದನ್ನು ಹೇಳುತ್ತವೆ, ನಮ್ಮ ಮನೆಯಲ್ಲಿ ಯಾರೂ ಹಿಂದುಮುಂದು ಮಾಡಿ ಕರೆಯುವುದಿಲ್ಲ ಅಂದೆ. ಎಂತ ಮಾಡುವುದು ಹೇಳು? ನಮ್ಮ ಕುಂದಾಪುರದ ಕಡೆ ಯಾರ ಮನೆಗೆ ಹೋದರೂ ಮೊದಲು ಗಂಡುಮಗುವನ್ನು ಕೇಳಿ ರೂಢಿ. ನನಗೆ ಇರುವುದು ಒಬ್ಬಳೇ ಮಗಳು, ಆದರೂ ಆ ಚಾಳಿ ಹೋಗಿರಲಿಲ್ಲ. ನೀನು ಹತ್ತು ಸಲ ತಿದ್ದಿದೆ. ನಾನು ಹತ್ತು ಸಲ ಹೂಂ ಅಂದೆ, ಹನ್ನೊಂದನೇ ಸಲ ಮತ್ತೆ ಕಾಟೊ ಅಂದೆ. ಅದು ಎಲ್ಲಿಗೆ ಬಂದು ಮುಟ್ಟಿತು ಅಂತ ಕೊನೆಗೆ ಹೇಳುತ್ತೇನೆ.

ಪ್ರತಿ ಟ್ರಿಪ್ಪಿನ ನಂತರ ನೀನು ಕೊನೆಯ ಸೀಟಿನ ತನಕ ನಡೆದು ನೋಡುವುದು ನನ್ನ ಕಣ್ಣಿಗೆ ಕಟ್ಟಿದ ಹಾಗುಂಟು. ಅದು ನಿನ್ನ ಕೆಲಸವೇ ಆಗಿತ್ತು, ಹೌದು. ಈ ಬಿಸಿಲಿನ ದೇಶದಲ್ಲಿ ಒಂದು ಮಗು ನಿದ್ದೆ ಬಂದು ವ್ಯಾನಿನಲ್ಲಿ ಉಳಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಬೇರೆ ಆಯಾಗಳು ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿ ಇಳಿಯುತ್ತಾರೆ. ನೀನು ಒಂದೊಂದು ಸೀಟಿನ ಮೇಲೂ ಕೈ ಇಟ್ಟು, ಅಡಿಗೆ ಬಗ್ಗಿ ನೋಡಿ, ಹಿಂದೆ ಹೋಗಿ ಅಲ್ಲಿಂದಲೇ "ಖಲಾಸ್, ಅಣ್ಣ" ಅಂತ ಕೂಗುತ್ತಿದ್ದೆ. ನೀನು ಕೂಗದೆ ನಾನು ವ್ಯಾನಿನಿಂದ ಕೀಲಿ ತೆಗೆಯುತ್ತಿರಲಿಲ್ಲ. ಅದು ನಮ್ಮಿಬ್ಬರ ಕ್ರಮ.

ಶುಕ್ರವಾರ ರಜೆಯ ದಿನ ನೀನು ಊರಿಗೆ ಫೋನ್ ಮಾಡುವಾಗ ಒಂದೆರಡು ಸಲ ನಾನೂ ಇದ್ದೆ. ಮನಾಮದ ಮಾರ್ಕೆಟಿನಿಂದ ಬಾಳೆಕಾಯಿ ತಂದುಕೊಟ್ಟಿದ್ದೆ, ನೀನು ಬೇಯಿಸಿ ನಾದಿ ಮುದ್ದೆ ಮಾಡಿದ್ದೆ. ನಾವು ಅದನ್ನು ಪಲ್ಯ ಮಾಡುತ್ತೇವೆ ಅಂದರೆ ನಿನಗೆ ನಗು. ಫೋನಿನಲ್ಲಿ ನಿನ್ನ ಅಮ್ಮ, ಮಕ್ಕಳ ಅಜ್ಜಿ. ನೀವು ಅಜ್ಜಿಗೆ ಜಾಜಾ ಅನ್ನುತ್ತೀರಿ, ನನಗೂ ಅವರು ಜಾಜಾ ಆದರು. ತಲೆಗೆ ಬಟ್ಟೆ ಕಟ್ಟಿದ್ದ ಮುದುಕಿ, ಎಡಗಣ್ಣಿಗೆ ಪೊರೆ. ಎರಡೂ ಪಕ್ಕದಲ್ಲಿ ಎರಡು ಮಕ್ಕಳು. ಗಂಡ ಬೈಕ್ ಅಪಘಾತದಲ್ಲಿ ಹೋದ ಮೇಲೆ ನೀನು ಮಕ್ಕಳನ್ನು ಅವರ ಮಡಿಲಿಗೆ ಹಾಕಿ ಇಲ್ಲಿಗೆ ಬಂದವಳು. "ನಾಲ್ಕು ವರ್ಷ, ಆಮೇಲೆ ಖಲಾಸ್, ವಾಪಸ್" ಅನ್ನುತ್ತಿದ್ದೆ. ಇಲ್ಲಿಗೆ ಬಂದ ನಾವೆಲ್ಲ ಹೇಳುವುದು ಅದನ್ನೇ ಅಲ್ವಾ? ನಾನು ಹೇಳಲಿಕ್ಕೆ ಶುರು ಮಾಡಿ ಹದಿನಾರು ವರ್ಷ ಆಯಿತು.

ಆ ದಿನದ್ದು ಬರೆಯಲಿಕ್ಕೆ ಕೈ ಬರುವುದಿಲ್ಲ. ಎರಡು ದಿನದಿಂದ ನೀನು ತಲೆನೋವು ಅನ್ನುತ್ತಿದ್ದೆ. ಮಾತ್ರೆ ನುಂಗಿ ಬರುತ್ತಿದ್ದೆ. ನಾನು "ರಜೆ ಹಾಕು ಮಾರಾಯ್ತಿ" ಅಂದೆ, ನೀನು "ಸಾಕು ಮಾರಾಯ" ಅಂತ ನನಗೇ ತಿರುಗಿಸಿದೆ. ಮಕ್ಕಳು ಇಳಿದರು. ನೀನು ಸೀಟುಗಳನ್ನು ಮುಟ್ಟುತ್ತಾ ಹಿಂದೆ ಹೋದೆ. ನಾನು ಫ್ಲಾಸ್ಕಿನಿಂದ ಚಾ ಬಗ್ಗಿಸಿಕೊಂಡೆ. ಖಲಾಸ್ ಕೇಳಲಿಲ್ಲ. ಸುಸ್ತಾಗಿ ಕೂತಿರಬೇಕು, ಕೂತುಕೊಳ್ಳಲಿ ಪಾಪ ಅಂದುಕೊಂಡೆ. ಹತ್ತು ನಿಮಿಷ ನಲೊಂಗೊ, ಹತ್ತು ನಿಮಿಷ ನಾನು ಚಾ ಕುಡಿದೆ, ಫೋನ್ ನೋಡಿದೆ. ಆಮೇಲೆ ಕರೆದೆ. ಆಮೇಲೆ ಎದ್ದು ಬಂದೆ. ಎಲ್ಲ ಮಕ್ಕಳನ್ನೂ ಹುಡುಕುವವಳು ಕೊನೆಯ ಸೀಟಿನಲ್ಲಿ ಕಿಟಕಿಗೆ ತಲೆ ಒರಗಿಸಿ ಉಳಿದುಬಿಟ್ಟಿದ್ದೆ. ಆ ಹತ್ತು ನಿಮಿಷಕ್ಕೆ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವೋ...

ಆಸ್ಪತ್ರೆಯಲ್ಲಿ ಮೂರು ದಿನ ಇದ್ದೆ ನೀನು. ಕೆಲಸ ಮುಗಿಸಿ ಬಂದು ಕೂರುತ್ತಿದ್ದೆ ನಾನು. ಕಣ್ಣು ಬಿಡಲಿಲ್ಲ, ತುಟಿ ಅಲ್ಲಾಡಲಿಲ್ಲ, ಒಂದು ಶಬ್ದ ಬರಲಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮುಂದಿನದ್ದಕ್ಕೆ ಇದೇ ಬುಡ. ನೀನು ಏನೂ ಹೇಳಲಿಲ್ಲ. ನಾಲ್ಕನೇ ದಿನ ತೀರಿಹೋದೆ. ಕಾಗದಪತ್ರ ಎಲ್ಲ ಆಗಿ ನಿನ್ನನ್ನು ಊರಿಗೆ ಕಳಿಸುವಾಗ ಮೂರು ವಾರ ಹತ್ತಿರ ಆಯಿತು. ನಿನ್ನ ಸಾಮಾನನ್ನು ಕಾರ್ಟನಿಗೆ ತುಂಬಿಸಿ, ಹಗ್ಗ ಬಿಗಿದು, ನಾಲ್ಕೂ ಮಗ್ಗುಲಿಗೆ ಮಾರ್ಕರಿನಲ್ಲಿ ಹೆಸರು ಬರೆದದ್ದು ನಾನೇ. ಮಂಚದಡಿಯಲ್ಲಿ ನೀನು ಕೂಡಿಟ್ಟದ್ದೆಲ್ಲ ಎರಡೆರಡು. ಎರಡು ಬ್ಯಾಗು, ಎರಡು ಸ್ವೆಟರು, ಎರಡು ನೀರಿನ ಬಾಟಲಿ. ಒಂದೇ ಬಣ್ಣ, ಒಂದೇ ಚಿತ್ರ. ಹಗ್ಗ ಬಿಗಿಯುವಾಗ ಅತ್ತೆ, ನಾಚಿಕೆ ಇಲ್ಲದೆ ಅತ್ತೆ.

ನೀನು ಹೋದ ಎರಡು ತಿಂಗಳಿಗೆ, ಮಧ್ಯಾಹ್ನದ ಬೆಲ್ ಹೊಡೆಯಲಿಕ್ಕೆ ಸ್ವಲ್ಪ ಮೊದಲು, ನಿಮ್ಮೂರ ಮಾಸ್ಟ್ರ ಫೋನ್ ಬಂತು. ಜಾಜಾನ ಮಾತನ್ನು ನನಗೆ ಇಂಗ್ಲಿಷಿನಲ್ಲಿ ದಾಟಿಸುವವರು ಅವರೇ. ನಿನ್ನ ಕೊನೆಯ ಕಾರ್ಯಕ್ಕೆ ಕುಲದವರೆಲ್ಲ ಸೇರಿದ್ದಾರೆ, ಅಂಗಳದಲ್ಲಿ ಚಾಪೆ ಹಾಕಿ ಕೂತಿದ್ದಾರೆ, ಮಕ್ಕಳು ಯಾರ ಪಾಲಿಗೆ ಅಂತ ಮಾತಾಗುತ್ತಿದೆ ಅಂದರು. ನಿನ್ನ ಗಂಡನ ಅಣ್ಣ ಕಾಟೊನನ್ನು ಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಾನಂತೆ, ಓದಿಸುತ್ತಾನಂತೆ. ಗಂಡುಮಗು ಅಪ್ಪನ ಕುಲದ್ದು. ಬಬಿರ್ಯೆ ಬೇಡವಂತೆ, ಅವನಿಗೆ ಈಗಾಗಲೇ ಮೂರು ಹೆಣ್ಣು. ಅವಳನ್ನು ಯಾರೋ ದೂರದ ಅತ್ತೆಯ ಮನೆಗೆ ಕಳಿಸುವುದು ಅಂತ. ಜಾಜಾ ಒಬ್ಬರೇ ಬೇಡ ಅನ್ನುತ್ತಿದ್ದಾರೆ, ಮುದುಕಿಯ ಮಾತು ಯಾರೂ ಕೇಳುತ್ತಿಲ್ಲ. "ಕೊನೆಗೆ ಅವಳ ಹತ್ತಿರ ಇದ್ದವರು ನೀವು. ಮಕ್ಕಳ ಬಗ್ಗೆ ಏನಾದರೂ ಹೇಳಿದಳಾ? ಹೇಳಿದ್ದರೆ ನಿಮ್ಮ ದನಿಯಲ್ಲೇ ಕಳಿಸಿ. ಸತ್ತವಳ ಮಾತನ್ನು ಯಾರೂ ಮೀರುವುದಿಲ್ಲ" ಅಂದರು ಮಾಸ್ಟ್ರು.

ನಮ್ಮ ಅಮ್ಮ ಹೋದಾಗ ನನಗೆ ಒಂಬತ್ತು, ತಂಗಿಗೆ ಆರು. ನಮ್ಮಲ್ಲೂ ಹದಿಮೂರನೇ ದಿನದ ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಇಂಥದ್ದೇ ಪಂಚಾಯ್ತಿ ಆಯಿತು. ಗಂಡುಹುಡುಗ ಅಂತ ನನ್ನನ್ನು ದೊಡ್ಡಪ್ಪ ಇಟ್ಟುಕೊಂಡರು, ತಂಗಿಯನ್ನು ಹುಬ್ಬಳ್ಳಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಕಳಿಸಿದರು. ಬಸ್ಸಿನ ಕಿಟಕಿಯಲ್ಲಿ ಅವಳು ಕೂತದ್ದು ಮಾತ್ರ ನೆನಪು. ಇವತ್ತು ಅವಳಿಗೆ ಗಂಡ, ಮಕ್ಕಳು, ಮನೆ ಎಲ್ಲ ಉಂಟು. ಹಬ್ಬಕ್ಕೆ ಫೋನ್ ಮಾಡಿದರೆ ನನಗೆ "ನೀವು" ಅನ್ನುತ್ತಾಳೆ. ಒಡಹುಟ್ಟಿದ ಅಣ್ಣನಿಗೆ "ನೀವು ಆರಾಮಾ?" ಅನ್ನುತ್ತಾಳೆ, ನಲೊಂಗೊ. ನಾನು ನಿನಗೆ ಅಣ್ಣ ಅನ್ನಲಿಕ್ಕೆ ಕಲಿಸಿದ್ದು ಯಾಕೆ ಅಂತ ನಿನಗೆ ಹೇಳಿರಲಿಲ್ಲ ಅಲ್ವಾ?

ಹಾಗಾಗಿ ಫೋನಿನ ಗುಂಡಿ ಒತ್ತಿ, ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿ ದನಿ ಕಳಿಸಿಬಿಟ್ಟೆ. "ಅವಳು ಕೊನೆಗೆ ಕಣ್ಣು ಬಿಟ್ಟಳು. ನನ್ನ ಕೈ ಹಿಡಿದು ಹೇಳಿದಳು: ಕಾಟೊ, ಬಬಿರ್ಯೆ ಇಬ್ಬರನ್ನೂ ಬೇರೆ ಮಾಡಬೇಡಿ, ಜಾಜಾನ ಹತ್ತಿರವೇ ಇರಲಿ." ಇಷ್ಟೇ. ಅಷ್ಟರಲ್ಲಿ ಬೆಲ್ ಹೊಡೆಯಿತು, ಮಕ್ಕಳು ಓಡಿ ಬಂದರು. ನಾನು ದೈವಕ್ಕೆ ಹೆದರುವವ ನಲೊಂಗೊ, ಊರಿನಲ್ಲಿ ದೈವದ ಗುಡಿಯ ಎದುರು ಹಾದುಹೋಗುವಾಗಲೂ ಚಪ್ಪಲಿ ಕಳಚುವವ. ಸತ್ತವಳ ಬಾಯಲ್ಲಿ ನಾನು ಸುಳ್ಳು ಇಟ್ಟೆ. ಮನೆ ಮನೆಗೆ ಮಕ್ಕಳನ್ನು ಇಳಿಸುವಾಗ ಒಂದು ರೌಂಡಬೌಟಿಗೆ ಎರಡು ಸುತ್ತು ಹಾಕಿದೆ.

ಸಂಜೆ ಮಾಸ್ಟ್ರು ಸುದ್ದಿ ಕಳಿಸಿದರು. ನನ್ನ ದನಿಯನ್ನು ಅಂಗಳದಲ್ಲಿ ಮೂರು ಸಲ ಕೇಳಿಸಿದರಂತೆ, ಅವರು ಅದನ್ನು ನಿಮ್ಮ ಭಾಷೆಗೆ ಹೇಳಿದರಂತೆ. ನಿನ್ನ ಭಾವ ಎದ್ದು ನಿಂತು, "ತಾಯಿಯ ಮಾತು ಅಂದ ಮೇಲೆ ಆಯಿತು, ಇನ್ನು ನನ್ನನ್ನು ಕೇಳಬೇಡಿ" ಅಂತ ಹೊರಟನಂತೆ. ಜಾಜಾ ಒಂದೂ ಮಾತಾಡಲಿಲ್ಲವಂತೆ. ನಾನು ಗೆದ್ದೆ ಅಂದುಕೊಂಡೆ. ನಮ್ಮೂರಲ್ಲಿದ್ದ ಹೆಂಡತಿ ಗಿರಿಜೆಗೆ ಫೋನ್ ಮಾಡಿ ದೊಡ್ಡ ಶೂರನ ಹಾಗೆ ಹೇಳಿದೆ. ಅವಳು "ಅಲ್ಲ, ಆ ಅಜ್ಜಿಗೆ ಎಷ್ಟು ವರ್ಷ?" ಅಂತ ಕೇಳಿದಳು. ನಾನು ಅದನ್ನು ಕೇಳಿಯೇ ಇರಲಿಲ್ಲ.

ಮೂರು ತಿಂಗಳ ಹಿಂದೆ ಜಾಜಾ ಬಿದ್ದರು. ನೀರು ತರುವ ದಾರಿಯಲ್ಲಿ, ಕೊಡದ ಸಮೇತ. ಸೊಂಟ ಹೋಯಿತು. ಈಗ ಗೋಡೆ ಹಿಡಿದು ಬಾಗಿಲ ತನಕ ಬರುತ್ತಾರೆ, ಅಷ್ಟೇ. ನೀರು ಮಕ್ಕಳೇ ತರುತ್ತವೆ, ಒಲೆ ಮಕ್ಕಳೇ ಹಚ್ಚುತ್ತವೆ. ಏಳು ವರ್ಷದ ಮಕ್ಕಳು! ಅಜ್ಜಿಯನ್ನು ಒಬ್ಬರೇ ಬಿಡುವ ಹಾಗಿಲ್ಲ ಅಂತ ಶಾಲೆಗೆ ಪಾಳಿ ಮಾಡಿಕೊಂಡಿದ್ದಾರೆ. ಒಂದು ದಿನ ಬಬಿರ್ಯೆ ಹೋಗುತ್ತಾಳೆ, ಕಾಟೊ ಮನೆಯಲ್ಲಿ. ಮರುದಿನ ಕಾಟೊ ಹೋಗುತ್ತಾನೆ, ಅವಳು ಮನೆಯಲ್ಲಿ. ಸಂಜೆ ಕೂತು ಹೋದವರು ಇದ್ದವರಿಗೆ ಪಾಠ ಹೇಳಿಕೊಡುತ್ತಾರಂತೆ. ಎರಡೂ ಮಕ್ಕಳಿಗೆ ಸಮ ಅಂತ ನೀನು ಎರಡೆರಡು ಬ್ಯಾಗ್ ಕೊಂಡೆಯಲ್ಲ, ಮಕ್ಕಳು ಶಾಲೆಯನ್ನೇ ಸಮ ಮಾಡಿ ಅರ್ಧರ್ಧ ಹಂಚಿಕೊಂಡವು. ಮಾಸ್ಟ್ರು ವಿಡಿಯೋ ಕಳಿಸಿದ್ದರು. ಕಾಟೊ ಜಾಜಾನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಪೂರ್ತಿ ನೋಡಲಿಕ್ಕೆ ಆಗಲಿಲ್ಲ.

ಅವತ್ತು ಕಾಟೊ ಪಟ್ಟಣಕ್ಕೆ ಹೋಗಿದ್ದರೆ? ಒಬ್ಬನಾದರೂ ದಿನಾ ಶಾಲೆಗೆ ಹೋಗುತ್ತಿದ್ದ. ಹೊಟ್ಟೆತುಂಬ ಉಣ್ಣುತ್ತಿದ್ದ. ಹುಡುಗಿಯನ್ನು ಆ ಅತ್ತೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳೋ ಏನೋ. ಮುದುಕಿಗೆ ಹೊರೆ ಇರುತ್ತಿರಲಿಲ್ಲ. ನನ್ನ ಬಾಲ್ಯದ ನೋವಿಗೆ ಮದ್ದು ಹುಡುಕಲಿಕ್ಕೆ ಹೋಗಿ ಆ ನೋವನ್ನೇ ನಿನ್ನ ಮಕ್ಕಳ ಕುತ್ತಿಗೆಗೆ ಕಟ್ಟಿದೆನಾ? ನನ್ನ ಜೊತೆ ರೂಮಿನಲ್ಲಿರುವ ಮೋನಪ್ಪ ಹೇಳುತ್ತಾನೆ, "ನಿಂಗೆಂತ ಮಾಡ್ಲಿಕ್ಕೆ ಆಗ್ತದೆ ಮಾರಾಯ? ನಿಂಗೂ ಆ ಊರಿಗೂ ಎಂತ ಸಂಬಂಧ?" ಅವನಿಗೆ ನಾನು ಹೇಳಿದ ಸುಳ್ಳು ಗೊತ್ತಿಲ್ಲ. ಕೈಲಾದಾಗ ಒಂದು ಕಾರ್ಟನ್ ಕಳಿಸುತ್ತೇನೆ, ಹಾಲಿನ ಪುಡಿ, ಸಾಬೂನು, ಬಟ್ಟೆ. ಆದರೆ ಕಾರ್ಟನ್ ನೀರು ತರುವುದಿಲ್ಲವಲ್ಲ. ಇಲ್ಲಿ ನಾನು ದಿನಾ ಮೂವತ್ತೆರಡು ಮಕ್ಕಳನ್ನು ಮನೆ ಬಾಗಿಲಿಗೆ ಮುಟ್ಟಿಸುತ್ತೇನೆ. ಆ ಎರಡನ್ನು ಎಲ್ಲಿಗೂ ಮುಟ್ಟಿಸಲಿಕ್ಕೆ ನನ್ನ ಕೈಲಿ ಆಗುವುದಿಲ್ಲ.

ನಿನ್ನೆ ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಫೋನಿಗೆ ಜಾಜಾ ತುಂಬಿಸಿ ಕಳಿಸಿದ ದನಿ ಬಂತು. ಯಾವಾಗಲೂ ಮಾಸ್ಟ್ರೇ ಮಾತಾಡುವುದು. ಈ ಸಲ ಮೊದಲು ಅವರೇ ತುಂಬ ಹೊತ್ತು ಮಾತಾಡಿದರು. ಮಧ್ಯೆ ಕೆಮ್ಮು, ಹಿಂದೆ ಕೋಳಿಗಳು, ಮಕ್ಕಳ ಜಗಳ. ಆಮೇಲೆ ಮಾಸ್ಟ್ರು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಅರ್ಥ ಆದದ್ದನ್ನು ಹಾಗೆಯೇ ಬರೆಯುತ್ತೇನೆ.

"ಮಗನೇ, ನನ್ನ ಮಗಳು ಆ ಮಾತು ಹೇಳಿಲ್ಲ ಅಂತ ನನಗೆ ಅವತ್ತೇ ಗೊತ್ತಾಯಿತು. ಅವಳು ಸಾಯುವಾಗಲೂ ಕಾಟೊನ ಹೆಸರನ್ನು ಮೊದಲು ಹೇಳುವವಳಲ್ಲ. ಚಾಪೆಯ ಮೇಲೆ ಕೂತಿದ್ದವರೆಲ್ಲ ಗಂಡಸರು, ಯಾರ ಕಿವಿಗೂ ಅದು ಬೀಳಲಿಲ್ಲ. ನಾನು ಬಾಯಿ ಬಿಡಲಿಲ್ಲ. ಆ ಮಾತು ನನಗೆ ಬೇಕಿತ್ತು. ತಪ್ಪು ನಿನ್ನದೊಂದೇ ಅಲ್ಲ, ನನ್ನದೂ ಉಂಟು. ಈಗ ನನ್ನ ಕೈಲಾಗುವುದಿಲ್ಲ. ಮಳೆಗಾಲ ಮುಗಿಯುವ ತನಕ ಇರುತ್ತೇನೋ ಇಲ್ಲವೋ. ಮಕ್ಕಳ ದೊಡ್ಡಪ್ಪನನ್ನು ಮುಂದಿನ ಭಾನುವಾರ ಕರೆಸಿದ್ದೇನೆ. ನಾನು ಕಾಲು ಹಿಡಿದರೂ ಅವನು ಹುಡುಗನನ್ನು ಮಾತ್ರ ಕರೆದುಕೊಂಡು ಹೋಗುತ್ತಾನೆ. ನೀನು ಇನ್ನೊಂದು ಸಲ ಅವಳ ಮಾತು ಹೇಳು. ಜಾಜಾನ ಕೈ ಸೋತರೆ ಇಬ್ಬರನ್ನೂ ದೊಡ್ಡಪ್ಪನ ಮನೆಗೆ ಒಟ್ಟಿಗೆ ಕಳಿಸಿ ಅಂದಿದ್ದಳು, ಅದನ್ನು ಅವತ್ತು ಹೇಳಲಿಕ್ಕೆ ಮರೆತೆ ಅನ್ನು. ಈ ಸಲ ಹೆಸರು ಸರಿಯಾಗಿ ಹೇಳು."

ಮಾಸ್ಟ್ರು ಅದನ್ನೆಲ್ಲ ಇಂಗ್ಲಿಷಿಗೆ ದಾಟಿಸಿದರು. ಅವರೂ ನಮ್ಮ ಪಾಪದೊಳಗೆ ಬಂದುಬಿಟ್ಟರು ಪಾಪ. ಹಿಂದಿನಿಂದ ಒಂದು ಹುಡುಗಿಯ ದನಿ "ಅಣ್ಣ, ಊಟ ಆಯ್ತಾ?" ಅಂದಿತು. ಬಬಿರ್ಯೆ. ನೀನು ಯಾವಾಗ ಕಲಿಸಿದ್ದೆ ಅವಳಿಗೆ? ನನ್ನ ಎದುರು ತಟ್ಟೆಯಲ್ಲಿ ಅನ್ನ ಇತ್ತು. ಅದನ್ನು ಮುಚ್ಚಿಟ್ಟು ಆ ದನಿಯನ್ನೇ ಇನ್ನೊಂದು ಸಲ ಕೇಳಿದೆ.

ಇವತ್ತು ಶನಿವಾರ, ಶಾಲೆಗೆ ರಜೆ. ಆದರೂ ವ್ಯಾನ್ ತೊಳೆಯುವ ನೆಪದಲ್ಲಿ ಬಂದೆ. ಕೊನೆಯ ಸೀಟಿನಲ್ಲಿ, ನೀನು ಒರಗಿದ್ದ ಕಿಟಕಿಯ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಈಗಿನ ಆಯಾ ಬಾಗಿಲಲ್ಲೇ ನಿಂತು ನೋಡಿ ಇಳಿಯುತ್ತಾಳೆ, ಅವಳ ಹಿಂದೆ ನಾನೇ ಇಲ್ಲಿಯ ತನಕ ಬಂದು ಹೋಗುತ್ತೇನೆ. ಖಲಾಸ್ ಅಂತ ಕೂಗುವುದು ಮಾತ್ರ ಬಾಯಿಗೆ ಬರುವುದಿಲ್ಲ.

ನಿನ್ನ ಭಾವ ನಂಬುತ್ತಾನೋ ಇಲ್ಲವೋ ಗೊತ್ತಿಲ್ಲ. ನಂಬಿ ಕರೆದುಕೊಂಡು ಹೋದರೂ ಬೇಡದ ಹುಡುಗಿಯನ್ನು ಹೇಗೆ ನೋಡಿಕೊಳ್ಳುತ್ತಾನೋ ಗೊತ್ತಿಲ್ಲ. ಮಕ್ಕಳು ಹೋದ ಮೇಲೆ ಜಾಜಾನಿಗೆ ಬಾಗಿಲ ತನಕ ನೀರು ತರುವವರು ಯಾರು, ಅದೂ ಗೊತ್ತಿಲ್ಲ. ಅವರನ್ನು ಕೇಳಬೇಕು ಅಂದರೆ ಕೇಳಲಿಕ್ಕೆ ಹೆದರಿಕೆ. ನಿನ್ನನ್ನು ಕೇಳಿಯೇ ಹೇಳೋಣ ಅಂತ ಇಷ್ಟುದ್ದ ಬರೆದೆ. ನೀನು ಆಸ್ಪತ್ರೆಯಲ್ಲಿ ಸುಮ್ಮನಿದ್ದ ಹಾಗೆಯೇ ಸುಮ್ಮನಿದ್ದೀಯ. ಬೇಡ ಅನ್ನುವುದಾದರೆ ಈಗಲೇ ಅನ್ನು ಮಾರಾಯ್ತಿ, ನಾನು ಕಾಯುತ್ತೇನೆ...

ಆಯಿತು. ಹಾಗಾದರೆ ಹೇಳುತ್ತೇನೆ. ನಿನ್ನ ಹೆಸರಿನಲ್ಲಿ ಇನ್ನೊಂದೇ ಒಂದು ಸುಳ್ಳು, ಇದರ ಪಾಪ ಪೂರ್ತಿ ನನಗಿರಲಿ. ಬೆಳಿಗ್ಗೆಯಿಂದ ಈ ಖಾಲಿ ವ್ಯಾನಿನಲ್ಲಿ ಬಾಯಿಪಾಠ ಮಾಡುತ್ತಿದ್ದೇನೆ, ನೀನು ಹತ್ತು ಸಲ ತಿದ್ದಿದ್ದು ಇವತ್ತಾದರೂ ತಪ್ಪಬಾರದು ಅಂತ. ಬಬಿರ್ಯೆ, ಕಾಟೊ. ಬಬಿರ್ಯೆ, ಕಾಟೊ.

ನಿನ್ನ ಅಣ್ಣ,
ರಘು